ಇಪ್ಪತ್ತಮೂರನೆಯ ಹೆಸರು

ಮಾಸ್ಕೋ, ನವೆಂಬರ್ 1992

ತೋಸ್ಯಕ್ಕಾ, ಕೆಟ್ಟ ಕನಸು ಬಿತ್ತು. ನಮ್ಮೂರ ಬಟ್ಟೆ ಗಿರಣಿಯ ಯೂನಿಯನ್ ಕೋಣೆಯಲ್ಲಿ ಮನೆ ಹಂಚುವ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದರು. ನನ್ನ ಸರದಿಗೆ ಬಾಯಿಂದ ಸ್ವರವೇ ಹೊರಡಲಿಲ್ಲ, ಹೆಸರು ಹೊಡೆದುಹಾಕಿದರು. ಹನ್ನೊಂದು ವರ್ಷ ಕಾದದ್ದು ನೀರುಪಾಲು!

ಇದಕ್ಕೆಲ್ಲ ಅಲ್ಬೀನಾ ಕಾರಣ. ಅದೇ, ನನ್ನ ಪಕ್ಕದ ಮಗ್ಗದವಳು. ಪಟ್ಟಿಯಲ್ಲಿ ಅವಳು ಇಪ್ಪತ್ತಮೂರು, ನಾನು ಇಪ್ಪತ್ತನಾಲ್ಕು. ಗಿರಣಿ ಬಿಟ್ಟು ಈಗ ಇಲ್ಲಿ ಮಾಸ್ಕೋದಲ್ಲಿ ಗೂಡಂಗಡಿ ಇಟ್ಟು, ಟರ್ಕಿಯ ಸ್ವೆಟರ್ ಮಾರಿ, ಎರಡು ಕೋಣೆಯ ಮನೆಯನ್ನೇ ಕೊಂಡಿದ್ದಾಳೆ. ನಿನ್ನೆ ಅವಳ ಅಂಗಡಿಗೆ ಹೋದವಳು ನಮ್ಮೂರ ಅಂಗಡಿ ಸಾಲುಗಳ ಅಭ್ಯಾಸಬಲದಿಂದ "ಸಾಲಲ್ಲಿ ಕೊನೆಯವ್ರು ಯಾರು?" ಅಂದುಬಿಟ್ಟೆ. ಅಲ್ಲಿ ಸಾಲೇ ಇರಲಿಲ್ಲ. ಅವಳು ಬಿದ್ದು ಬಿದ್ದು ನಕ್ಕಳು.

"ಇನ್ನೂ ಸಾಲಲ್ಲೇ ಇದ್ದೀಯೇನೇ ನ್ಯೂರಾ? ಇಲ್ಲಿ ದುಡ್ಡಿದ್ದೋರೇ ಮೊದಲು ಕಣೇ."

"ನಮ್ಮಲ್ಲಿ ದುಡಿದೋರು ಮೊದಲು," ಅಂದೆ.

"ಹೌದೌದು! ಗಿರಣಿ ಡೈರೆಕ್ಟರ್ ಅಳಿಯ ಯಾವ ಮಗ್ಗದಲ್ಲಿ ದುಡಿದಿದ್ದ? ಮೂರೇ ತಿಂಗಳಿಗೆ ಮನೆ ಸಿಕ್ತಲ್ಲ!"

ಆಮೇಲೆ ಅವಳೇ ನನ್ನನ್ನು ಮನೆಗೆ ಕರೆದೊಯ್ದು ಊಟಕ್ಕಿಟ್ಟಳು. ನಮ್ಮ ಹಾಗೆ ಹಂಚಿಕೊಳ್ಳಬೇಕಿಲ್ಲ, ಅವಳೊಬ್ಬಳದೇ ಅಡುಗೆಮನೆ, ಬಿಸಿನೀರಿನ ನಲ್ಲಿ. ನೋಡಿ ಹೊಟ್ಟೆ ಉರಿಯಿತು. ಬೀಟ್‌ರೂಟ್ ಸಾರು ಉಣ್ಣುತ್ತ, "ಪಟ್ಟಿಯಿಂದ ನಿನ್ನ ಹೆಸರು ತೆಗೆಸ್ತೀಯಲ್ಲ?" ಎಂದರೆ, "ಯಾಕೆ ತೆಗೆಸ್ಲಿ? ಆ ಮನೆ ಸಿಕ್ಕಿದ್ರೆ ಅದನ್ನೂ ಮಾರ್ತೀನಿ" ಅನ್ನಬೇಕೆ!

ಹತ್ತಿ ಧೂಳಿನ ಕೆಮ್ಮು ಕಡಿಮೆಯಾಗಿದೆ. ಆದರೂ ಇಲ್ಲಿನ ಡಾಕ್ಟರು ಚಿಕಿತ್ಸೆ ಮುಗಿಸದೆ ಇನ್ನೂ ಹದಿನೈದು ದಿನ ಊರಿಗೆ ಬಿಡುವುದಿಲ್ಲವಂತೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ನೀನೇ ಯೂನಿಯನ್ ಕೋಣೆಗೆ ಹೋಗಿ ಪಟ್ಟಿ ಇನ್ನೊಮ್ಮೆ ನೋಡಕ್ಕಾ, ಇಪ್ಪತ್ತಮೂರರಲ್ಲಿ ಈಗಲೂ ಅವಳೇ ಇದ್ದಾಳಾ? ಅವಳು ಮನೆ ಕೊಂಡದ್ದನ್ನು ಅಲ್ಲಿ ಯಾರಿಗಾದರೂ ಹೇಳಿದರೆ ತಪ್ಪಾಗುತ್ತದಾ?

ನಿನ್ನ ನ್ಯೂರಾ