ನಿನ್ನ ಸಲಾಮಿಗೆ ನಾನು ಹಾಕಿದ್ದು

ಶಹನಾಜ್,

ಪರಶುರಾಂಪುರದಿಂದ ಬಂದವಳು ಬುರ್ಖಾ ಕಳಚಬೇಡ. ಬೀರುವಿನಲ್ಲಿ ನಿನ್ನ ಗಂಡ ಆಸಿಮ್‌ನ ಅಲರ್ಜಿ ಕಾಗದ ಹುಡುಕಿಕೊಂಡು ನೇರ ಆಸ್ಪತ್ರೆಗೆ ಬಾ. ನನ್ನ ಕೈಗೆ ಸಿಗಲಿಲ್ಲ. ನಿನ್ನ ಫೋನೂ ಹತ್ತುತ್ತಿಲ್ಲ.

ಅವನ ತುಟಿ, ಕಣ್ಣು ಊದಿಕೊಂಡಿವೆ. ಉಸಿರು ಸಿಳ್ಳೆ ಹಾಕಿದಂತೆ ಬರುತ್ತಿದೆ. ನಿನ್ನ ಮಾವ ಆಟೊ ತರಲು ಓಡಿದ್ದಾರೆ, ಅಷ್ಟರಲ್ಲಿ ಬರೆಯುತ್ತಿದ್ದೇನೆ.

ಫ್ರಿಜ್ಜಿನಲ್ಲಿ ನೀನು ಮಾಂಸದ ಬದಲಿಗೆ ಮಾಡಿಟ್ಟ ಸಲಾಮಿ ಉರುಳೆಯನ್ನು ಎಸೆಯಬೇಡ, ಅದರಲ್ಲಿ ತಪ್ಪಿಲ್ಲ. ಅವನಿಗೆ ಮಾಂಸ, ಹಾಲು ಎರಡೂ ಆಗದೆಂದು ಡಾಕ್ಟರು ಹೇಳಿದ ಮೇಲೆ ನೀನು ಗೋಧಿ ಹಿಟ್ಟನ್ನು ತೊಳೆದು ತೊಳೆದು, ಉಳಿದ ಅಂಟಿಗೆ ಸೋಯಾ, ಮೆಣಸು ಬೆರೆಸಿ, ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ್ದನ್ನು ನಾನೇ ನೋಡಿದ್ದೇನೆ. ತಪ್ಪು ನನ್ನದು. ಬೆಳಿಗ್ಗೆ ಅವನು, "ರುಚಿನೇ ಇಲ್ಲ ಅಮ್ಮೀ, ರಬ್ಬರ್ ತಿಂದಂಗೈತೆ" ಅಂದ. ನಾಲ್ಕು ಹೋಳನ್ನು ಕುರಿ ಚರ್ಬಿಯಲ್ಲಿ ಹುರಿದುಕೊಟ್ಟೆ. ಒಂದು ಚಮಚ ಏನು ಮಾಡೀತು ಅಂದುಕೊಂಡೆ. "ಈಗ ಮಟನ್ ತಿಂದಂಗಾತು ನೋಡು" ಎಂದು ನಕ್ಕ.

ಆ ತವಾ ಮುಟ್ಟಬೇಡ, ನಾನೇ ಬಂದು ತಿಕ್ಕುತ್ತೇನೆ.

ಈಗ ತಾನೇ ಅವನು, "ಏನ್ ಹಾಕಿದ್ದೆ ಅಮ್ಮೀ?" ಎಂದು ಕೇಳಿದ. "ಏನೂ ಇಲ್ಲ ಬೇಟಾ" ಅಂದುಬಿಟ್ಟೆ. ಹೆದರಿಕೆಗೆ ನಿಜ ಬಾಯಿಗೆ ಬರಲಿಲ್ಲ. ಡಾಕ್ಟರ ಮುಂದೆ ಹೇಳಲೇಬೇಕು, ಹೇಳುತ್ತೇನೆ. ಆದರೆ ನೀನು ಬರುವಷ್ಟರಲ್ಲಿ ನಾನು ಅಲ್ಲೂ ಸುಮ್ಮನೆ ನಿಂತಿದ್ದರೆ, ಈ ಚೀಟಿಯನ್ನು ಅವರ ಕೈಗೆ ಕೊಡು. ನನ್ನ ಮುಖ ನೋಡಿ ಹಿಂದೆಗೆಯಬೇಡ.

ಆಟೊ ಬಂತು.

ಸಕೀನಾ ಬೀ