ಕೈ ಕೊಡುವವರ ಗಾಡಿ

ಸತ್ತೂರು, ಧಾರವಾಡದ ಹತ್ತಿರ
2187ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ನಾಳೆಯಿಂದ ಕಾರು ಬಿಟ್ಟು ಬಸ್ಸಿನಲ್ಲೋ ರೈಲಿನಲ್ಲೋ ಕೆಲಸಕ್ಕೆ ಹೋಗಬೇಕೆಂದು ಮನಸ್ಸು ಮಾಡಿರುವ ನಿಮಗೆ, ಚಂಪಾವತಿ ಕಡಕೋಳಳ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಈಕೆ ತಪ್ಪು ಬರೆದಿದ್ದಾಳೆ ಅಂದುಕೊಳ್ಳಬೇಡಿ. ನಮಗೆ ವರ್ಷಕ್ಕೆ ಹದಿಮೂರು ತಿಂಗಳು, ಒಂದೊಂದಕ್ಕೂ ಇಪ್ಪತ್ತೆಂಟು ದಿನ. ಮಿಕ್ಕ ಒಂದು ದಿನಕ್ಕೆ ಹೆಸರಿಲ್ಲ, ಅಂದು ಯಾರೂ ಕೆಲಸ ಮಾಡುವುದಿಲ್ಲ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರಹ ಓದುವಾಗ ನನಗೂ ಹಾಗೇ ಆಗುತ್ತದೆ. ನಿಮ್ಮಲ್ಲಿ ಒಬ್ಬ ಇನ್ನೊಬ್ಬನಿಗೆ 'ಕೈ ಕೊಟ್ಟ' ಅಂದರೆ ಮೋಸ ಮಾಡಿದ ಎಂದು ಅರ್ಥವಂತೆ! ಇದನ್ನು ಓದಿದ ದಿನ ಗಂಡನನ್ನು ಕರೆದು ತೋರಿಸಿದೆ, ಇಬ್ಬರೂ ನಕ್ಕೆವು. ನಮ್ಮಲ್ಲಿ ಆ ಮಾತಿನ ಅರ್ಥವೇ ಬೇರೆ. ಅದು ಹೇಗೆ ಬೇರೆಯಾಯಿತು ಎಂದು ತಿಳಿಯಲು ನಮ್ಮ ಗಾಡಿಯ ವಿಷಯ ಹೇಳಬೇಕು.

ಧಾರವಾಡ ಹುಬ್ಬಳ್ಳಿಗಳ ನಡುವೆ ಓಡುವ ನಮ್ಮ ಹರಿಗಾಡಿ ದಾರಿಯಲ್ಲಿ ಎಲ್ಲೂ ನಿಲ್ಲುವುದಿಲ್ಲ. ಒಂದೊಂದು ಊರಿನ ಕಟ್ಟೆಯಲ್ಲೂ ಒಂದು ಮರಿಗಾಡಿ ಕಾಯುತ್ತಿರುತ್ತದೆ. ಹತ್ತುವವರು ಅದರಲ್ಲಿ ಕೂತಿರುತ್ತಾರೆ. ಹರಿಗಾಡಿ ಬಂದಾಗ ಮರಿ ಅದರ ಜೊತೆಗೇ ಓಡಿ, ಹಸುವಿನ ಮಗ್ಗುಲಿಗೆ ಕರು ಅಂಟಿಕೊಂಡ ಹಾಗೆ ಅಂಟಿಕೊಳ್ಳುತ್ತದೆ. ನಡುವಿನ ಬಾಗಿಲು ತೆರೆದು, ಇಳಿಯುವವರು ಈ ಕಡೆಗೂ ಹತ್ತುವವರು ಆ ಕಡೆಗೂ ದಾಟುತ್ತಾರೆ. ಆಮೇಲೆ ಮರಿ ಕಳಚಿಕೊಂಡು ತನ್ನ ಕಟ್ಟೆಗೆ ಮರಳುತ್ತದೆ. ಹೊಸ್ತಿಲು ತುಸು ತೂಗಾಡುವುದರಿಂದ, ದಾಟಿದವರು ತಿರುಗಿ ನಿಂತು ಹಿಂದಿನವರಿಗೆ ಕೈ ಕೊಡಬೇಕು. ಇದನ್ನು ಯಾರೂ ನಿಯಮ ಮಾಡಿಲ್ಲ. ಆದರೆ ಕೊಡದೆ ಹೋದವರನ್ನು ಇಡೀ ಗಾಡಿ ತಿರುಗಿ ನೋಡುತ್ತದೆ.

ಹಾಗೆಂದು ನಮ್ಮ ಕಾಲದಲ್ಲಿ ಎಲ್ಲರೂ ಹರಿಗಾಡಿಯಲ್ಲೇ ಓಡಾಡುತ್ತಾರೆ ಎಂದು ತಿಳಿಯಬೇಡಿ. ಒಬ್ಬರೇ ಕೂರುವ ಒಂಟಿಗಾಡಿಗಳು ಈಗಲೂ ಇವೆ. ನನ್ನ ಹತ್ತಿರವೂ ಒಂದಿತ್ತು. ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಸುಟ್ಟಗಾಯದವರಿಗೆ ಚರ್ಮ ನೇಯುವುದು ನನ್ನ ಕೆಲಸ. ರೋಗಿಯ ಚರ್ಮದ ಚೂರನ್ನೇ ತೊಟ್ಟಿಯಲ್ಲಿ ಬೆಳೆಸಿ, ಎಳೆಯಾಗಿ ತೆಗೆದು, ಗಾಯದ ಮೇಲೆ ಹಾಸುತ್ತೇವೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಹೋಗುವಾಗ ಬರುವಾಗ ಯಾರ ಮುಖವೂ ಬೇಡ ಅನಿಸುತ್ತಿತ್ತು. ಒಂಟಿಗಾಡಿಯ ಗಾಜು ಮುಚ್ಚಿಕೊಂಡು ಜೋರಾಗಿ ಹಾಡುತ್ತಿದ್ದೆ, ತಾಳ ತಪ್ಪಿದರೂ ಕೇಳುವವರಿರಲಿಲ್ಲ. ನೀವೂ ಕಾರಿನಲ್ಲಿ ಹಾಡುತ್ತೀರಾ? ಮುಂದಿನ ಗಾಡಿ ಅಲುಗಾಡದೆ ನಿಂತಾಗ ನಿಮ್ಮ ಕೈಗಳು ಏನು ಮಾಡುತ್ತಿರುತ್ತವೆ? ನನಗೆ ತಿಳಿಯುವ ಆಸೆ.

ಇಪ್ಪತ್ತು ವರ್ಷ ಹಾಗೆ ಓಡಾಡಿದ ಮೇಲೆ, ಒಂದು ಸಂಜೆ ಅಡುಗೆಮನೆಯಲ್ಲಿ ಕಣ್ಣು ಕತ್ತಲಿಟ್ಟು ಬಿದ್ದೆ. ನರದ ತೊಂದರೆ, ಮದ್ದು ಹಿಡಿಯುವವರೆಗೆ, ಅಂದರೆ ಒಂದು ವರ್ಷ, ಗಾಡಿ ಓಡಿಸಕೂಡದು ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ನಾನು ಕೆಲಸವನ್ನೇ ಬಿಡುತ್ತೇನೆಂದು ಕೂತೆ.

"ಹರಿಗಾಡಿ ಐತಲ್ಲ. ಊರ ಮಂದಿ ಹೋಗೂದಿಲ್ಲೇನು?" ಅಂದ ಗಂಡ ಬಸಲಿಂಗ.

"ಊರ ಮಂದಿ ಮುಂದ ಬಿದ್ರ?"

"ಬಿದ್ರ ಊರ ಮಂದೀನ ಎತ್ತತಾರ. ನಿನ್ನ ಗಾಡ್ಯಾಗ ಬಿದ್ದಿದ್ರ ಯಾರು ಎತ್ತತಿದ್ರು?"

ಮರುದಿನದಿಂದ ಹರಿಗಾಡಿ ಹತ್ತತೊಡಗಿದೆ. ಹತ್ತಿದವಳು ಒಳಗೆ ಹೋಗದೆ ನಡುಬಾಗಿಲ ಪಕ್ಕದ ಕಂಬ ಹಿಡಿದು ನಿಲ್ಲುತ್ತಿದ್ದೆ. ಒಳಗೆ ಬೇರೊಂದು ಲೋಕವೇ ಇತ್ತು. ಒಬ್ಬ ಹೆಂಗಸು ಮೆಂತ್ಯ ಸೊಪ್ಪಿನ ಕಟ್ಟು ಬಿಚ್ಚಿದರೆ ಅಕ್ಕಪಕ್ಕದವರು ಕೇಳದೆಯೇ ಒಂದು ಹಿಡಿ ತೆಗೆದುಕೊಂಡು ಸೋಸುತ್ತಿದ್ದರು. ಒಬ್ಬರ ಮನೆಯ ಜಗಳಕ್ಕೆ ನಾಲ್ಕು ಮಂದಿ ತೀರ್ಪು ಹೇಳುತ್ತಿದ್ದರು. ಒಬ್ಬ ಮಾತ್ರ ದಿನವೂ ಬಾಯಿ ತೆರೆದುಕೊಂಡು ನಿದ್ದೆ ಹೋಗುತ್ತಿದ್ದ, ಅವನು ಇಳಿಯುವ ಕಟ್ಟೆ ಬಂದಾಗ ಯಾರಾದರೊಬ್ಬರು ತಟ್ಟಿ ಎಬ್ಬಿಸುತ್ತಿದ್ದರು. ಇವರೆಲ್ಲ ನೆಂಟರೇನೋ ಅಂದುಕೊಂಡಿದ್ದೆ.

ಅಲ್ಲಿ ಎಲ್ಲರಿಗಿಂತ ದೊಡ್ಡ ದನಿ ಜೈತುನಬಿ ನದಾಫ ಎಂಬ ಹೆಂಗಸಿನದು. ಉಣಕಲ್ ಕೆರೆಯಲ್ಲಿ ವಯಸ್ಸಾದವರಿಗೆ ಈಜು ಕಲಿಸುತ್ತಾಳೆ. ಒಂದು ದಿನ ಆಕೆ ನೇರವಾಗಿ ನನ್ನ ಹತ್ತಿರವೇ ಬಂದಳು.

"ಏನ್ರಿ ಅಕ್ಕಾರ, ದಿನಾ ಬಾಗಲ್ದಾಗ ನಿಂತಿರ್ತೀರಿ. ಒಳಗ ಬಂದ್ರ ನಾವೇನ್ ಕಡೀತೀವೇನ್?"

"ಇಲ್ಲರಿ, ಗಾಳಿ ಬರ್ತದ," ಅಂದೆ.

"ಕಿಡಕಿ ಎಲ್ಲಾ ಮುಚ್ಚ್ಯಾವ, ಎಲ್ಲಿ ಗಾಳಿರಿ?" ಎಂದು ನಕ್ಕಳು.

ಎಲ್ಲರ ಕಣ್ಣೆದುರು ಬೀಳುವ ಭಯಕ್ಕೆ ದೂರ ನಿಂತಿದ್ದೇನೆಂಬ ನಿಜ ಹೇಳಲಿಲ್ಲ. ಆದರೆ ಮಳೆಗಾಲದ ಒಂದು ಬೆಳಿಗ್ಗೆ, ಮರಿಗಾಡಿಯಿಂದ ಹೊಸ್ತಿಲ ಮೇಲೆ ಕಾಲಿಟ್ಟಾಗ ಕಣ್ಣ ಮುಂದೆ ಕಪ್ಪು ಕವಿಯಿತು. ಎಚ್ಚರವಾದಾಗ ಹರಿಗಾಡಿಯ ನೆಲದ ಮೇಲೆ ಮಲಗಿದ್ದೆ, ತಲೆ ಜೈತುನಬಿಯ ತೊಡೆಯ ಮೇಲಿತ್ತು. ಬೀಳುವವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಿದ್ದಳಂತೆ. ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ ಎಂದು ನಾಚಿಕೆಯಿಂದ ಕಣ್ಣು ಮುಚ್ಚಿದೆ. ಆದರೆ ಅಲ್ಲಿ ನಡೆಯುತ್ತಿದ್ದದ್ದು ಜಗಳ.

"ಉಳ್ಳಾಗಡ್ಡಿ ಮೂಸಸ್ರಿ!"

"ಏ, ಮೊದಲ ಕಾಲು ಎತ್ತಿ ಹಿಡೀರಿ!"

"ಎಲ್ಲಾರೂ ಸರೀರಿ, ಉಸಿರಾಡ್ಲಿ!" ಎಂದು ಜೈತುನಬಿ ಗದರಿದಳು. ಅಷ್ಟರಲ್ಲಿ ಯಾರೋ ನಿಜವಾಗಿಯೂ ನನ್ನ ಮೂಗಿಗೆ ಈರುಳ್ಳಿ ಹಿಡಿದರು. ನನಗೆ ನಗು ಬಂತು. ಅಂದು ಒಳಗೆ ಕೂತೆ, ನನ್ನ ರೋಗ, ದವಾಖಾನೆಯ ಕೆಲಸ ಎಲ್ಲ ಜೈತುನಬಿಗೆ ಹೇಳಿದೆ. ಆಮೇಲೆ ದಿನವೂ ನನಗಾಗಿ ಪಕ್ಕದ ಸೀಟಿನ ಮೇಲೆ ತನ್ನ ಚೀಲ ಇಟ್ಟಿರುತ್ತಿದ್ದಳು.

ವರ್ಷ ತುಂಬಿತು, ಮದ್ದು ಹಿಡಿದಿತ್ತು. ಗಾಡಿ ಓಡಿಸಬಹುದು ಎಂದರು ವೈದ್ಯರು. ಮರುದಿನವೇ ಒಂಟಿಗಾಡಿ ತೆಗೆದೆ. ಗಾಜು ಮುಚ್ಚಿದೆ, ಹಾಡಿದೆ. ಬೇಗ ತಲುಪಿದೆ. ಹಿತವಾಗಿಯೇ ಇತ್ತು, ಸುಳ್ಳು ಹೇಳಲಾರೆ. ಆದರೆ ಹಾಡು ಮುಗಿದ ಮೇಲೆ, ಮೆಂತ್ಯ ಸೊಪ್ಪಿನ ಹೆಂಗಸಿನ ಜೊತೆ ಜಗಳವಾಡಿ ತವರಿಗೆ ಹೋದ ಸೊಸೆ ಮರಳಿದಳೋ ಇಲ್ಲವೋ ಎಂದು ಯೋಚನೆ ಹತ್ತಿತು. ಅದನ್ನು ತಿಳಿಯಲೆಂದೇ ಮಾರನೆಯ ದಿನ ಹರಿಗಾಡಿ ಹತ್ತಿದೆ.

ಜೈತುನಬಿ ಮುಖ ಕಿಟಕಿಯ ಕಡೆ ತಿರುಗಿಸಿದಳು. ಸೀಟಿನ ಮೇಲಿನ ಚೀಲ ತೆಗೆಯಲಿಲ್ಲ.

"ಏನಾತ್ರಿ ಅಕ್ಕಾರ?" ಅಂದೆ.

"ಏನಾತಂತ ನನ್ನ ಕೇಳ್ತೀರಿ? ನಿನ್ನೆ ನೀವು ಬರಲಿಲ್ಲ. ಎಲ್ಲೋ ಬಿದ್ರು ಅಂತ ಎದಿ ಹೊಡ್ಕೊಂತು. ಉಣಕಲ್ದಾಗ ಇಳೀಲಿಲ್ಲ, ಸೀದಾ ನಿಮ್ಮ ದವಾಖಾನಿಗೆ ಹೋದೆ. ನನ್ನ ಮುದುಕರೆಲ್ಲ ಟವೆಲ್ ಹೊದ್ಕೊಂಡು ಕೆರಿ ದಂಡ್ಯಾಗ ಕುಂತಿದ್ರು. ಅಲ್ಲಿ ನೋಡಿದ್ರ, ಅಕ್ಕಾರ ಆರಾಮ ಒಳಗ ಕೆಲಸ ಮಾಡಾಕತ್ತಾರಂತ!"

"ನನ್ನ ಕರೀಬೇಕಿತ್ತು."

"ಯಾಕ ಕರೀಲಿ? ಆರಾಮ ಅದಾರ ಅಂದ್ರು, ಜೀವ ತಣ್ಣಗಾತು. ಆಮ್ಯಾಲ ಸಿಟ್ಟು ಬಂತು, ಹೊಳ್ಳಿ ಹೋದೆ. ಬರೂದಿಲ್ಲಂತ ಒಂದ್ ಮಾತ ಹೇಳಾಕ ಏನಾಗಿತ್ರಿ?"

ಇಪ್ಪತ್ತು ವರ್ಷ ನಾನು ಆ ರಸ್ತೆಯಲ್ಲಿ ಓಡಾಡಿದ್ದೆ. ಎಂದಾದರೂ ಒಂದು ದಿನ ನಾನು ಬಾರದಿದ್ದರೆ, ನನ್ನ ಹಿಂದಿನ ಗಾಡಿಯವರಿಗೆ ತುಸು ಹೆಚ್ಚು ಜಾಗ ಸಿಕ್ಕುತ್ತಿತ್ತು, ಅಷ್ಟೇ. ನಾನು ನಿಂತೇ ಇದ್ದೆ. ನವನಗರ ದಾಟಿದ ಮೇಲೆ ಆಕೆ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ನಾನು ಕೂತೆ.

ಅದಾಗಿ ಬಹಳ ಕಾಲವಾಯಿತು. ಒಂಟಿಗಾಡಿ ಹಿತ್ತಲಲ್ಲಿದೆ, ಬಸಲಿಂಗ ಅದರ ಮೇಲೆ ತೊಂಡೆ ಬಳ್ಳಿ ಹಬ್ಬಿಸಿದ್ದಾನೆ, ಒಳಗೆ ಕೋಳಿ ಕಾವಿಗೆ ಕೂತಿದೆ.

ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಕಾಲದ ಅಂಕಿಸಂಖ್ಯೆಗಳು ನಮ್ಮ ತನಕ ಬಂದಿವೆ. ಯಾವ ಊರಲ್ಲಿ ಎಷ್ಟು ಬಸ್ಸು, ಎಷ್ಟು ಜನ, ಎಲ್ಲಾ ಗೊತ್ತು. ಆದರೆ ಯಾರ ಪಕ್ಕ ಯಾರು ಕೂತರು, ಏನು ಮಾತಾಡಿದರು ಎಂಬುದು ಎಲ್ಲೂ ಸಿಗುವುದಿಲ್ಲ. ನೀವು ಬಸ್ಸಿಗೆ ಹೋಗತೊಡಗಿದ ಮೇಲೆ ಎಂದೋ ಒಂದು ದಿನ ಜ್ವರ ಬಂದು ಮನೆಯಲ್ಲಿ ಉಳಿಯುತ್ತೀರಿ. ಮರುದಿನ ಯಾರಾದರೂ "ನಿನ್ನೆ ಯಾಕ್ರೀ ಬರಲಿಲ್ಲ?" ಎಂದು ಕೇಳಿದರೆ, ದಯವಿಟ್ಟು ಅವರ ಹೆಸರು ಕೇಳಿ, ಎಲ್ಲಾದರೂ ಬರೆದಿಡಿ. ನಾವು ಹುಡುಕಿಕೊಳ್ಳುತ್ತೇವೆ.

ಇಂತಿ,
ಚಂಪಾವತಿ ಕಡಕೋಳ