ಯಜಮಾನರ ಬಣ್ಣ

ಫೆಬ್ರವರಿ ೯, ಮಧ್ಯಾಹ್ನ

ಏಳನೆಯದೂ ಮುಗಿಯಿತು. ಕಡಲತೀರ, ಎರಡು ದೋಣಿ, ಹಿಂದೆ ಬೆಟ್ಟದ ಸಾಲು. ಬೆಟ್ಟಕ್ಕೆ ಎಂದಿನಂತೆ ಯಜಮಾನರು. ಬೂದಿ ಬೆರೆತ ನೀಲಿ ಪೇಸ್ಟಲ್ ಕಡ್ಡಿಗೆ ನಾನಿಟ್ಟ ಹೆಸರು ಅದು. ಅಡ್ಡ ಮಲಗಿಸಿ ಒಮ್ಮೆ ಎಳೆದು ಕಿರುಬೆರಳಲ್ಲಿ ಉಜ್ಜಿದರೆ ಸಾಕು, ಎಂಥ ಬೆಟ್ಟವೂ ದೂರಕ್ಕೆ ಸರಿದು ಕೂರುತ್ತದೆ. ಪೆಟ್ಟಿಗೆಯಲ್ಲಿ ಉಳಿದವೆಲ್ಲ ಆಳುಕಾಳು. ಮನೆಯಲ್ಲಿ ಇನ್ನೊಬ್ಬ ಯಜಮಾನ ಇದ್ದಾನೆ, ಜ್ಞಾಪಕವಿರಲಿ ಎಂದು ಇವರ ಗೊಣಗಾಟ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಮಂಡಿನೋವು, ಪ್ರವಾಸಕ್ಕೆ ಬರುವುದಿಲ್ಲ. ನಾವು ಸುತ್ತಿದ ಊರುಗಳನ್ನು ಅವರು ಕಾಣುವುದು ನನ್ನ ಚಿತ್ರದಲ್ಲೇ.

"ಹೋದ ವರ್ಷ ಹೋಗಿದ್ರಲ್ಲ, ಆ ಘಾಟಿ ಅಲ್ವಾ ಇದು?"

"ಸಮುದ್ರ, ಅತ್ತೆ."

"ಹಿಂದಿರೋದು ಅದೇ ಬೆಟ್ಟ ತಾನೆ?"

ಪಾಪ, ಕಣ್ಣಲ್ಲಿ ಪೊರೆ. ಮುಂದಿನ ವಾರ ಆಪರೇಷನ್. ಆಮೇಲೆ ನೋಡಲಿ.

ಫೆಬ್ರವರಿ ೧೧

ಲೈಬ್ರರಿಯಮ್ಮ ಅಂಗಡಿಗೇ ಬಂದಿದ್ದರು. ನನ್ನದು ಔಷಧಿ ಅಂಗಡಿಯಲ್ಲಿ ಬೆಳಗಿನ ಪಾಳಿ. ಕೆಮ್ಮಿನ ಸಿರಪ್ ಕೊಟ್ಟೆ, ಅವರು ಆಹ್ವಾನ ಪತ್ರಿಕೆ ಕೊಟ್ಟರು. ಲೈಬ್ರರಿಯ ಮೇಲಿನ ಹಾಲ್, ಮಾರ್ಚ್ ಒಂದು. ಒಂದಿಡೀ ಗೋಡೆ ನನಗೆ! ‘ದೂರದ ಊರುಗಳು, ಹತ್ತು ಪೇಸ್ಟಲ್ ಚಿತ್ರಗಳು’ ಎಂದು ಅಚ್ಚೂ ಆಗಿದೆ. ಇನ್ನು ಮೂರು ತಾನೆ. ಪ್ರವಾಸದ ಫೋಟೋ ಫೋನಿನಲ್ಲಿದೆ, ಟ್ಯೂಬ್‌ಲೈಟ್ ಇದೆ, ಯಜಮಾನರಿದ್ದಾರೆ. ನೀರು ಕುಡಿದಷ್ಟು ಸುಲಭ.

ಒಂದು ಆಸೆ ಮಾತ್ರ ಇಲ್ಲಿ ಬರೆದಿಡುತ್ತೇನೆ. ಅತ್ತೆ ಹೆಡ್‌ಮಿಸ್ ಆಗಿದ್ದವರು. ಮಗನಿಗೇ ನೂರಕ್ಕೆ ನೂರು ಕೊಡಲಿಲ್ಲವಂತೆ. ನಾನು ಈ ಮನೆಗೆ ಬಂದಾಗಿನಿಂದ ಅವರ ಬಾಯಲ್ಲಿ ‘ಚೆನ್ನಾಗಿದೆ’ ಎಂಬ ಮಾತು ಕೇಳಿಲ್ಲ. ಅದು ಆ ಗೋಡೆಯ ಮುಂದೆ ಬರಬೇಕು. ಬಂದೇ ಬರುತ್ತದೆ.

ಫೆಬ್ರವರಿ ೧೬

ಆಪರೇಷನ್ ಸಲೀಸಾಗಿ ಆಯಿತು. ಕಣ್ಣಿನ ಡಾಕ್ಟರು ಚೀಟಿ ಬರೆಯುತ್ತಾ ನನ್ನ ಉಗುರು ನೋಡಿದರು. ಏನಿದು ಬಣ್ಣ ಎಂದರು. ಹೆಮ್ಮೆಯಿಂದ ಹೇಳಿದೆ. ಅಲ್ಲೇ ಎಡವಟ್ಟಾಯಿತು. ಆ ಪುಡಿ ಗಾಳಿಯಲ್ಲಿ ಹಾರುತ್ತದೆ, ಕಣ್ಣಿಗೆ ಬಿದ್ದರೆ ಕಷ್ಟ, ತಿಂಗಳ ಮಟ್ಟಿಗೆ ಮನೆಯೊಳಗೆ ಬೇಡ ಎಂದು ಖಡಾಖಂಡಿತ. ಇವರಿಗೆ ನಗು. ಮೇಜು, ಪೆಟ್ಟಿಗೆ ಎಲ್ಲ ತಾರಸಿಗೆ ಸಾಗಿಸಿದ್ದಾಯಿತು. ನೀರಿನ ಟ್ಯಾಂಕಿನ ಪಕ್ಕ ನನ್ನ ಹೊಸ ಸಂಸಾರ.

ಫೆಬ್ರವರಿ ೧೭, ಸಂಜೆ

ಬ್ಯಾಂಡೇಜ್ ಬಿಚ್ಚಿದರು. ಮನೆಗೆ ಬಂದ ಅತ್ತೆ ಎಲ್ಲವನ್ನೂ ತಪಾಸಣೆ ಮಾಡಿದರು. ಬಚ್ಚಲಿನ ಬಕೆಟ್ ಹಸಿರಲ್ಲ, ನೀಲಿ. ಗೋಡೆ ತುಂಬ ಕಲೆ. ತಮ್ಮ ತಲೆ ಇಷ್ಟು ನರೆತಿದೆ ಎಂದು ಯಾರೂ ಯಾಕೆ ಹೇಳಲಿಲ್ಲ ಎಂದು ವಿಚಾರಣೆ ಬೇರೆ.

ಆಮೇಲೆ ಅವರೇ ಚಿತ್ರ ಕೇಳಿದರು. ಪುಡಿ ಹಾರದಂತೆ ಹೊದಿಸಿದ ಬಟರ್ ಪೇಪರ್ ತೆಗೆಯದೆ ತೋರಿಸುವುದು ಹೇಗೆ... ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮೆಲ್ಲಗೆ ತೆಗೆದು ಏಳನ್ನೂ ಮಂಚದ ಮೇಲೆ ಸಾಲಾಗಿ ಇಟ್ಟೆ. ಕಪ್ಪು ಕನ್ನಡಕ ಹಾಕಿಕೊಂಡೇ ಬಗ್ಗಿ ನೋಡಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ. ಮತ್ತೆ ಈ ತುದಿಗೆ.

"ಈಗ ಸ್ಪಷ್ಟವಾಗಿ ಕಾಣ್ತಿದೆ," ಎಂದರು. "ಏಳೂ ಒಂದೇ ಊರು."

ಫೆಬ್ರವರಿ ೧೮

ಸಿಟ್ಟು. ಬರೆಯುವುದಕ್ಕೆ ಬೇರೇನೂ ಇಲ್ಲ. ಕಣ್ಣಿಗೆ ಡ್ರಾಪ್ಸ್ ಮಾತ್ರ ಹೊತ್ತುಹೊತ್ತಿಗೆ ಹಾಕಿದೆ, ಮಾತಿಲ್ಲದೆ.

ಫೆಬ್ರವರಿ ೨೧, ಮಧ್ಯಾಹ್ನ

ತಾರಸಿ. ಎಂಟನೆಯದು ಶುರು ಮಾಡೋಣವೆಂದು ಫೋನ್ ತೆಗೆದರೆ ಬಿಸಿಲಿಗೆ ಪರದೆ ಪೂರ್ತಿ ಕಪ್ಪು. ಫೋಟೋ ಇಲ್ಲ, ಹಾಗಾದರೆ ಊರೂ ಇಲ್ಲ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಟ್ಯಾಂಕಿನ ಆಚೆ ನಮ್ಮೂರ ಬೆಟ್ಟ ಇತ್ತು. ಇಷ್ಟು ವರ್ಷ ಬಟ್ಟೆ ಒಣಹಾಕುವಾಗ ಬೆನ್ನ ಹಿಂದೆ ಇದ್ದದ್ದು. ಅದನ್ನೇ ಬರೆಯೋಣ ಎಂದು ಯಜಮಾನರನ್ನು ಎತ್ತಿಕೊಂಡು ಒಂದು ಗೀಟು ಎಳೆದೆ.

ತಪ್ಪು. ಕಾಗದದಲ್ಲಿ ನೀಲಿ, ಎದುರಿಗೆ ನೀಲಿಯ ಸುಳಿವೇ ಇಲ್ಲ. ಒಣಹುಲ್ಲಿನ ಬಣ್ಣ, ಬುಡದಲ್ಲಿ ಸ್ವಲ್ಪ ಗುಲಾಬಿ, ಕಲ್ಲು ತೆಗೆದ ಕಡೆ ಸುಣ್ಣದಂತೆ ಬಿಳಿ. ಕಣ್ಣು ಕಿರಿದು ಮಾಡಿ ನೋಡಿದೆ, ತಲೆ ಓರೆ ಮಾಡಿ ನೋಡಿದೆ. ಬೆಟ್ಟ ಜಪ್ಪಯ್ಯ ಅಂದರೂ ನೀಲಿಯಾಗಲಿಲ್ಲ.

ಮೆಟ್ಟಿಲ ನೆರಳಿಗೆ ಓಡಿ ಫೋನ್ ತೆಗೆದೆ. ಕಡಲತೀರದ ಬೆಟ್ಟ ಹೆಚ್ಚುಕಡಿಮೆ ಕಪ್ಪು. ಘಾಟಿಯದು ಪಾಚಿ ಹಸಿರು. ಮರಳುಗಾಡಿನಲ್ಲಿ ಬೆಟ್ಟವೇ ಇಲ್ಲ, ನಾನೇ ಸೇರಿಸಿದ್ದೇನೆ! ಅಷ್ಟು ದೂರ ಹೋಗಿ, ಬಂದು, ಎಲ್ಲ ಊರಿನ ಹಿಂದೆಯೂ ಒಂದೇ ಪರದೆ ಕಟ್ಟಿದ್ದೇನೆ.

ಅತ್ತೆಗೆ ಪೊರೆ ಇದ್ದಾಗಲೂ ಕಂಡಿತ್ತು. ನಾಚಿಕೆಯಾಯಿತು. ಆಮೇಲೆ, ಸುಳ್ಳು ಯಾಕೆ, ಖುಷಿಯೂ ಆಯಿತು. ತಪ್ಪು ಎಲ್ಲಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಆದಂತೆಯೇ.

ಫೆಬ್ರವರಿ ೨೪

ಪೇಸ್ಟಲ್‌ನ ಒಳ್ಳೆಯ ಗುಣ — ಒರಟು ಬ್ರಷ್ಷಿನಲ್ಲಿ ಗುಡಿಸಿದರೆ ಬಣ್ಣ ಉದುರುತ್ತದೆ, ಕಾಗದ ಇನ್ನೊಮ್ಮೆ ತಡೆದುಕೊಳ್ಳುತ್ತದೆ. ಬೆಟ್ಟಗಳನ್ನೆಲ್ಲ ಗುಡಿಸಿ ಹಾಕಿದೆ. ತಾರಸಿಯ ನೆಲ ನೀಲಿ.

ಫೋಟೋವನ್ನು ಪೂರ್ತಿ ನಂಬುವಂತಿಲ್ಲ. ಕಾರು ಓಡಿಸಿದವರು ಇವರು, ಇವರನ್ನೇ ಕೇಳಿದೆ. ಕಾರು ಕೆಟ್ಟು ನಿಂತ ಊರಿನ ಗುಡ್ಡ ಯಾವ ಬಣ್ಣ? ಇವರು ಬೀರುವಿನಿಂದ ಹಳೆಯ ಶರ್ಟ್ ತಂದು ಎದುರಿಗೆ ಹಿಡಿದರು. "ಕಾರಿನ ಕೆಳಗೆ ಮಲಗಿದ್ನಲ್ಲ, ಬೆನ್ನು ನೋಡು. ಎಷ್ಟು ಒಗೆದ್ರೂ ಆ ಮಣ್ಣು ಹೋಗಿಲ್ಲ." ಇಟ್ಟಿಗೆಗಿಂತ ತಿಳಿ, ಅಂಚಿನಲ್ಲಿ ಸ್ವಲ್ಪ ಹಳದಿ. ಶರ್ಟನ್ನೇ ಹಗ್ಗಕ್ಕೆ ನೇತುಹಾಕಿಕೊಂಡು ಗುಡ್ಡ ಮುಗಿಸಿದೆ.

ಯಜಮಾನರಿಗೆ ನಿವೃತ್ತಿ. ಕೆಳಗೆ ಬೀರುವಿನಲ್ಲಿ, ಹತ್ತಿ ಸುತ್ತಿ ಇಟ್ಟಿದ್ದೇನೆ.

ಫೆಬ್ರವರಿ ೨೭

ನಾಲ್ಕು ಉಳಿದವು, ಮೂರು ಉಳಿಯಲಿಲ್ಲ. ಹರಿದು ಹಾಕಿದೆ. ನಮ್ಮ ಬೆಟ್ಟ ಸೇರಿ ಐದು. ಲೈಬ್ರರಿಯಮ್ಮನಿಗೆ ಫೋನ್ ಮಾಡಿ ಹೇಳಿದೆ. ಹತ್ತು ಎಂದು ಅಚ್ಚಾಗಿದೆಯಲ್ಲ, ಹಳೆಯ ಥರವೇ ಇನ್ನೈದು ಬರೆದು ಕೊಡಿ, ಯಾರು ಬೆಟ್ಟ ನೋಡುತ್ತಾರೆ ಎಂದು ಬೇಡಿಕೊಂಡರು. ಕೊಡುವುದಿಲ್ಲ ಎಂದೆ. ಅರ್ಧ ಗೋಡೆ ಯಾರೋ ಫೋಟೋ ತೆಗೆಯುವವರ ಪಾಲಾಯಿತು. ಹೊಟ್ಟೆ ಉರಿಯಿತು. ಆದರೂ ಅರ್ಧ ಗೋಡೆ ಗೆಲ್ಲುತ್ತದೆ, ನನಗೆ ಗೊತ್ತು.

ಮಾರ್ಚ್ ೧, ಸಂಜೆ

ಅತ್ತೆ ಲೈಬ್ರರಿಯ ಮೆಟ್ಟಿಲು ಹತ್ತಿ ಬಂದರು, ಇವರ ತೋಳು ಹಿಡಿದು, ಪ್ರತಿ ಮೆಟ್ಟಿಲಿಗೂ ಒಂದು ಟೀಕೆ. ನಾನು ಹಿಂದೆ ನಿಂತೆ. ಯಾವುದು ಯಾವ ಊರು ಎಂದು ಹೇಳಿಕೊಡುವುದಿಲ್ಲ ಎಂದು ಮೊದಲೇ ತೀರ್ಮಾನ.

ಎರಡನೆಯ ಚಿತ್ರದ ಮುಂದೆ ನಿಂತರು. ತುಂಬ ಹೊತ್ತು.

"ಇದು ಕಾರು ಕೆಟ್ಟ ಊರು," ಎಂದರು. ಕೇಳಲಿಲ್ಲ, ಹೇಳಿದರು.

ಅವರು ಆ ಊರನ್ನು ಕಂಡೇ ಇಲ್ಲ. ನಾವು ಊಟಕ್ಕೆ ಕೂತಾಗ ಹೇಳಿದ ಕಥೆ, ಮಗನ ಶರ್ಟಿನ ಕಲೆ, ಅಷ್ಟೇ ಗೊತ್ತು. ಕಣ್ಣು ತುಂಬಿಬಂತು, ಫ್ರೇಮ್ ಒರೆಸುವ ನೆಪ ಮಾಡಿದೆ.

ಕೊನೆಗೆ ನಮ್ಮ ಬೆಟ್ಟ. ಅದನ್ನೂ ಬಗ್ಗಿ ನೋಡಿದರು. ‘ಚೆನ್ನಾಗಿದೆ’ ಮಾತ್ರ ಬರಲಿಲ್ಲ. ಇಳಿಯುವಾಗ ಮೆಲ್ಲಗೆ ಕೇಳಿದರು, "ಟ್ಯಾಂಕ್ ಪಕ್ಕ ಇನ್ನೊಂದು ಕುರ್ಚಿ ಹಿಡಿಸುತ್ತಾ?"

ನೂರಕ್ಕೆ ತೊಂಬತ್ತಾದರೂ ಕೊಟ್ಟಂತಾಯಿತು.

ಮಾರ್ಚ್ ೩, ಬೆಳಗ್ಗೆ

ತಾರಸಿಯಲ್ಲಿ ಎರಡು ಕುರ್ಚಿ. ಅತ್ತೆಯದು ಗಾಳಿ ಬರುವ ಕಡೆ, ಪುಡಿ ತಾಗದಂತೆ. ಕಪ್ಪು ಕನ್ನಡಕ, ಮಡಿಲಲ್ಲಿ ಕಾಫಿ ಲೋಟ. ರಾತ್ರಿ ಸಣ್ಣ ಮಳೆ ಬಂದಿದೆ. ನಾನು ತಲೆ ತಗ್ಗಿಸಿ ಇದನ್ನು ಬರೆಯುತ್ತಾ ಕೂತಿದ್ದೆ, ಅತ್ತೆ ಮೊಣಕೈಯಿಂದ ತಿವಿದರು. ನೋಡಿದರೆ — ಬೆಟ್ಟ ನೀಲಿ. ಬೂದಿ ಬೆರೆತ ನೀಲಿ. ಅಪ್ಪಟ ಯಜಮಾನರು, ಉಜ್ಜಿದ ಹಾಗೆ ಅಂಚೂ ಇಲ್ಲ. ನನಗೆ ನಗು ತಡೆಯಲಾಗುತ್ತಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ಬೇಕಾದಾಗ ಆ ಕಡ್ಡಿ ಕೆಳಗೆ, ಬೀರುವಿನಲ್ಲಿ, ಹತ್ತಿಯೊಳಗೆ.

"ಬರೀತಾ ಕೂರ್ಬೇಡ. ಓಡು, ತಗೊಂಡು ಬಾ," ಎಂದರು ಅತ್ತೆ. "ನಾನು ನೋಡ್ಕೊಂಡಿರ್ತೀನಿ, ಎಲ್ಲೂ ಹೋಗದ ಹಾಗೆ." ಬಿಸಿಲು ಆಗಲೇ ಬೆಟ್ಟದ ತುದಿಗೆ ತಾಗುತ್ತಿ—